ಹಾಳೆ ತಟ್ಟೆಗೆ ಸಿಗಡಿ ಚಿಪ್ಪಿನ ಲೇಪ ಹಚ್ಚಿದರೆ ಏನಾಗುತ್ತದೆ?

ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿದ್ದ ದಿನ. ಸಾಗರದ ಹತ್ತಿರ ನಮ್ಮ ಭಾವನ ಅಡಿಕೆ ಹಾಳೆ ತಟ್ಟೆ ಶೆಡ್ಡಿನಲ್ಲಿ ಕೂತಿದ್ದೆ. ಐದು ಅಚ್ಚಿನ ಮೆಷಿನ್ನು ಇದೆ, ಅವತ್ತು ಎರಡೇ ಓಡುತ್ತಿದ್ದವು. ಮೂಲೆಯಲ್ಲಿ ತಟ್ಟೆಗಳ ಕಟ್ಟು ಮಾಡಿನವರೆಗೆ ಪೇರಿಸಿತ್ತು. ಒಂದು ಕಟ್ಟನ್ನು ಬಿಚ್ಚಿದ ಭಾವ ತಟ್ಟೆಯ ಬೆನ್ನು ತಿರುಗಿಸಿ ತೋರಿಸಿದ. ಹಾಳೆಯ ಗೆರೆಗಳ ಸಂದಿಯಲ್ಲಿ ಬೂದಿ ಬಣ್ಣದ ಚುಕ್ಕೆಗಳು. ಬೂಷ್ಟು.

"ಇದು ಪ್ರತಿ ವರ್ಷದ್ದು ಬಿಡು" ಅಂದು ಮೊಬೈಲ್ ಮುಂದೆ ಹಿಡಿದ. "ಇದನ್ನ ನೋಡು ಮಾರಾಯ. ಕೈಟೊಸಾನ್ ಅಂತೆ. ತಟ್ಟೆಗೆ ಹಚ್ಚಿಬಿಟ್ರೆ ಅಮೆರಿಕದವ್ರು ಮತ್ತೆ ತಗೊಳ್ತಾರಂತೆ. ನೀನು ಕೆಮಿಸ್ಟ್ರಿ ಓದಿದವ್ನಲ್ವಾ, ಹೌದಾ ಅಲ್ವಾ ಹೇಳು."

ಕೈಟೊಸಾನ್ ಎಂದರೆ ಸಿಗಡಿ ಚಿಪ್ಪಿನಿಂದ ತೆಗೆಯುವ, ಕರಗಿಸಿ ಲೇಪದ ಹಾಗೆ ಹಚ್ಚುವ ಪುಡಿ. ಹೌದು, ಅಲ್ಲ ಎರಡೂ ಹೇಳಬೇಕಾದ ಪ್ರಶ್ನೆ ಅದು.

ಮೊದಲು ಅಮೆರಿಕದ ವಿಷಯ. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಅಡಿಕೆ ಹಾಳೆಯಿಂದ ಮಾಡಿದ ತಟ್ಟೆ, ಬಟ್ಟಲುಗಳ ಆಮದಿನ ಮೇಲೆ ಎಚ್ಚರಿಕೆ ಹೊರಡಿಸಿತು. ಅಡಿಕೆ ಮರದಲ್ಲಿ ಕೆಲವು ಆಲ್ಕಲಾಯ್ಡ್‌ಗಳಿವೆ (ಗಿಡಮರಗಳೇ ತಯಾರಿಸುವ, ಮೈಮೇಲೆ ಪರಿಣಾಮ ಮಾಡುವ ರಾಸಾಯನಿಕಗಳು), ಅವು ಹಾಳೆಯಿಂದ ಊಟಕ್ಕೆ ಇಳಿಯಬಹುದು, ಹಾಗಾಗಿ ಈ ತಟ್ಟೆಯನ್ನು ಸುರಕ್ಷಿತ ಅಂತ ಒಪ್ಪಲು ಆಗುವುದಿಲ್ಲ ಎನ್ನುವುದು ಅವರ ವಾದ. ಈ ಆಲ್ಕಲಾಯ್ಡ್‌ಗಳಲ್ಲಿ ಮುಖ್ಯವಾದದ್ದು ಅರೆಕೊಲಿನ್. ಅಡಿಕೆ ಹಾಕಿದಾಗ ಮೈ ಬೆಚ್ಚಗಾಗುತ್ತದಲ್ಲ, ಅದಕ್ಕೆ ಕಾರಣ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು 2004ರಲ್ಲೇ ಕ್ಯಾನ್ಸರ್ ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ. ಅರೆಕೊಲಿನ್ ಒಂದನ್ನೇ ಬಿಡಿಯಾಗಿ ನೋಡಿದಾಗ 'ಕಾರಕ ಇರಬಹುದು' ಎನ್ನುವ ಪಟ್ಟಿಯಲ್ಲಿ ಇಟ್ಟಿದೆ. ಅಡಿಕೆ ಅಗಿಯುವುದೂ ಹಾಳೆಯಲ್ಲಿ ಉಣ್ಣುವುದೂ ಒಂದೇ ಅಲ್ಲ ಎನ್ನುವ ನಮ್ಮವರ ಸಿಟ್ಟು ನನಗೆ ಅರ್ಥವಾಗುತ್ತದೆ. ತಲೆಮಾರುಗಳಿಂದ ಹಾಳೆಯಲ್ಲಿ ಉಂಡಿದ್ದೇವೆ. ಆದರೆ 'ನಮ್ಮಜ್ಜ ಉಂಡಿದ್ದ' ಎನ್ನುವುದನ್ನು ಯಾವ ದೇಶದ ಕಸ್ಟಮ್ಸ್ ಕೂಡ ದಾಖಲೆ ಅಂತ ತೆಗೆದುಕೊಳ್ಳುವುದಿಲ್ಲ.

ಹೊಡೆತ ಯಾಕೆ ಜೋರು ಎಂದರೆ, ಹಾಳೆ ತಟ್ಟೆಗೆ ಒಳ್ಳೆಯ ಕಾಲ ಬಂದಿದ್ದೇ ಈಚೆಗೆ. ಯುರೋಪಿನಲ್ಲಿ 2021ರಲ್ಲಿ, ನಮ್ಮಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗಳಿಗೆ ನಿಷೇಧ ಬಂತು. ತೋಟದಲ್ಲಿ ಬಿದ್ದು ಗೊಬ್ಬರವಾಗುತ್ತಿದ್ದ ಹಾಳೆಗೆ ಬೆಲೆ ಬಂತು. ಸಾಲ ಮಾಡಿ ಅಚ್ಚು ಕೂರಿಸಿದವರು ಶಿವಮೊಗ್ಗ ಜಿಲ್ಲೆಯಲ್ಲಿ ನನಗೆ ಗೊತ್ತಿರುವವರೇ ನಾಲ್ಕೈದು ಜನ.

ಈ ತಟ್ಟೆ ಮಾಡುವ ಕೆಲಸ ನೋಡಿದವರಿಗೆ ಗೊತ್ತು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಬೇಸಿಗೆಯಲ್ಲಿ ಬಿದ್ದ ಹಾಳೆ ಆರಿಸಿ ಒಣಗಿಸಿ ಇಡುತ್ತಾರೆ. ಬೇಕಾದಾಗ ನೀರಲ್ಲಿ ನೆನೆಸಿ, ತಿಕ್ಕಿ ತೊಳೆದು, ನೀರು ಬಸಿದು, ಬಿಸಿ ಅಚ್ಚಿನ ನಡುವೆ ಒತ್ತುತ್ತಾರೆ. ಬುಸ್ ಅಂತ ಹಬೆ ಏಳುತ್ತದೆ. ಅಂಚು ಕತ್ತರಿಸಿದರೆ ತಟ್ಟೆ. ಬಣ್ಣ ಇಲ್ಲ, ಅಂಟಿಲ್ಲ, ಲೇಪ ಇಲ್ಲ. 'ಯಾವ ಕೆಮಿಕಲ್ಲೂ ಇಲ್ಲ' ಅಂತಲೇ ಇದನ್ನು ಮಾರಿದ್ದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಕೈಟೊಸಾನ್. ಸಿಗಡಿ, ಏಡಿ ಚಿಪ್ಪಿನಲ್ಲಿ, ಜೀರುಂಡೆಯ ಮೈಗವಚದಲ್ಲಿ, ಅಣಬೆಯ ಜೀವಕೋಶದ ಗೋಡೆಯಲ್ಲಿ ಕೈಟಿನ್ ಎನ್ನುವ ಪದಾರ್ಥವಿದೆ. ಮರಕ್ಕೆ ಸೆಲ್ಯುಲೋಸ್ ಹೇಗೋ ಇವಕ್ಕೆ ಕೈಟಿನ್ ಹಾಗೆ. ಎರಡೂ ಸಕ್ಕರೆಯ ಮಣಿ ಪೋಣಿಸಿದ ಉದ್ದನೆಯ ಸರಗಳೇ. 1811ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಕೊನೊ ಇದನ್ನು ಮೊದಲು ಕಂಡದ್ದು ಅಣಬೆಯಲ್ಲಿ, ಸಿಗಡಿಯಲ್ಲಲ್ಲ. 1859ರಲ್ಲಿ ಚಾರ್ಲ್ಸ್ ರೂಜೆ ಅದನ್ನು ಗಡುಸು ಕ್ಷಾರದಲ್ಲಿ ಕುದಿಸಿದಾಗ ಅದು ಹುಳಿ ನೀರಲ್ಲಿ ಕರಗುವ ಹೊಸ ವಸ್ತುವಾಯಿತು. ಅದೇ ಮುಂದೆ ಕೈಟೊಸಾನ್ ಅನ್ನಿಸಿಕೊಂಡಿತು.

ಇವತ್ತಿಗೂ ಮಾಡುವ ದಾರಿ ಹೆಚ್ಚುಕಡಿಮೆ ಅದೇ. ಚಿಪ್ಪನ್ನು ತೆಳು ಆ್ಯಸಿಡ್ಡಿನಲ್ಲಿ ಹಾಕಿ ಸುಣ್ಣದ ಅಂಶ ತೆಗೆಯುತ್ತಾರೆ. ತೆಳು ಕಾಸ್ಟಿಕ್ ಸೋಡಾದಲ್ಲಿ ಪ್ರೋಟೀನ್ ತೆಗೆಯುತ್ತಾರೆ. ಉಳಿದ ಕೈಟಿನ್ನನ್ನು ನೂರರಲ್ಲಿ 40-50 ಭಾಗದಷ್ಟು ಗಟ್ಟಿಯಾದ ಕಾಸ್ಟಿಕ್ ಸೋಡಾದಲ್ಲಿ ಬೇಯಿಸುತ್ತಾರೆ. ಸಿಗಡಿ ರಫ್ತಿನಲ್ಲಿ ನಮ್ಮ ದೇಶ ಮುಂದಿದೆ, ಹಾಗಾಗಿ ಚಿಪ್ಪಿನ ರಾಶಿಗೆ ಬರವಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಈ ಕಸದಿಂದ ಕೈಟೊಸಾನ್ ತೆಗೆಯುವ ಕೆಲಸದಲ್ಲಿ ಹಳೆಯ ಕೈ. 'ಪೂರ್ತಿ ನೈಸರ್ಗಿಕ' ಅಂತ ವಿಡಿಯೊದಲ್ಲಿ ಹೇಳುವವರು ಈ ಕಾಸ್ಟಿಕ್ ಸೋಡಾದ ಹಂಡೆಯನ್ನು ಮಾತ್ರ ತೋರಿಸುವುದಿಲ್ಲ.

ಇದಕ್ಕೆ ಇಷ್ಟು ಹೆಸರು ಬಂದದ್ದು ಒಂದು ಗುಣದಿಂದ. ಹುಳಿ ನೀರಲ್ಲಿ ಕರಗಿದಾಗ ಕೈಟೊಸಾನಿನ ಸರದ ಮೈತುಂಬ ಧನ ವಿದ್ಯುದಂಶ ಕೂರುತ್ತದೆ. ನಿಸರ್ಗದಲ್ಲಿ ಸಿಗುವ ಇಂಥ ಸರಗಳಲ್ಲಿ ಹೆಚ್ಚಿನವು ಋಣದವು ಅಥವಾ ಯಾವುದೂ ಇಲ್ಲದವು. ಬ್ಯಾಕ್ಟೀರಿಯಾದ ಹೊರಮೈ ಋಣ. ಹಾಗಾಗಿ ಕೈಟೊಸಾನ್ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ, ಹೊರಪೊರೆ ಹರಿಯುತ್ತದೆ, ಒಳಗಿನದು ಸೋರುತ್ತದೆ. ರಕ್ತಕಣದ ಮೈಯೂ ಋಣ. ಅದಕ್ಕೇ ಗಾಯದ ಮೇಲೆ ಇಟ್ಟರೆ ರಕ್ತ ಬೇಗ ಮುದ್ದೆಗಟ್ಟುತ್ತದೆ. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅಮೆರಿಕದ ಸೈನಿಕರ ಹತ್ತಿರ ಕೈಟೊಸಾನಿನ ಬ್ಯಾಂಡೇಜ್ ಇತ್ತು.

ಎರಡನೇ ಗುಣ, ಒಣಗಿದರೆ ಒಳ್ಳೆಯ ಪೊರೆಯಾಗುತ್ತದೆ. ಪೊರೆ ಒಣಗಿದ್ದಷ್ಟು ಹೊತ್ತು ಆಮ್ಲಜನಕವನ್ನೂ ಎಣ್ಣೆಯನ್ನೂ ಚೆನ್ನಾಗಿ ತಡೆಯುತ್ತದೆ. ಹಣ್ಣಿನ ಮೇಲೆ ಹಚ್ಚಿದರೆ ಹಣ್ಣು ಉಸಿರಾಡುವುದು ನಿಧಾನವಾಗಿ ಮಾಗುವುದೂ ನಿಧಾನವಾಗುತ್ತದೆ. 1990ರ ದಶಕದ ಆರಂಭದಲ್ಲಿ ಸ್ಟ್ರಾಬೆರಿಯ ಮೇಲೆ ನಡೆದ ಪ್ರಯೋಗಗಳಿಂದ ಹಿಡಿದು ಮಾವು, ಬಾಳೆಯವರೆಗೆ ಇದರ ಮೇಲೆ ಕೆಲಸ ನಡೆಯುತ್ತಲೇ ಇದೆ. ಕಾಗದದ ಪೊಟ್ಟಣಕ್ಕೆ ಎಣ್ಣೆ ಇಳಿಯದಂತೆ ಹಚ್ಚುತ್ತಿದ್ದ ಫ್ಲೋರಿನ್ ರಾಸಾಯನಿಕಗಳು ಅಮೆರಿಕದ ಮಾರುಕಟ್ಟೆಯಿಂದ ಹೊರಹೋದವು ಅಂತ 2024ರ ಫೆಬ್ರುವರಿಯಲ್ಲಿ ಎಫ್‌ಡಿಎ ಹೇಳಿತು. ಆ ಜಾಗಕ್ಕೆ ಏನು ಅಂತ ಹುಡುಕುವವರ ಕಣ್ಣು ಕೈಟೊಸಾನಿನ ಮೇಲೂ ಬಿದ್ದಿದೆ. ಭಾವನ ಮೊಬೈಲಿಗೆ ಬಂದ ವಿಡಿಯೊದ ಬೇರು ಇಲ್ಲೆಲ್ಲೋ ಇರಬೇಕು. ಕಾಗದಕ್ಕೆ ಆಗುತ್ತದೆ, ಹಾಗಾದರೆ ಹಾಳೆಗೂ ಆಗುತ್ತದೆ ಎನ್ನುವ ಲೆಕ್ಕ.

ಸುಮ್ನೆ ಮಾತಾಡುವುದಕ್ಕಿಂತ ಮಾಡಿ ನೋಡೋಣ ಅಂತ ಒಂದು ಚಿಕ್ಕ ಪೊಟ್ಟಣ ತರಿಸಿದೆ. ಬಿಳಿ ಹಳದಿ ಪುಡಿ, ಚಿರೋಟಿ ರವೆಯ ಹಾಗಿತ್ತು. ಬರೀ ನೀರಿಗೆ ಹಾಕಿದರೆ ತಳದಲ್ಲಿ ಮಲಗಿತು, ಎಷ್ಟು ಕದಡಿದರೂ ಕರಗಲಿಲ್ಲ. ಅಡುಗೆಮನೆಯ ವಿನೆಗರ್ ಒಂದು ಲೋಟ, ನೀರು ನಾಲ್ಕು ಲೋಟ ಸೇರಿಸಿದೆ. ಸುಮಾರು ಒಂದು ಪರ್ಸೆಂಟ್ ಅಸಿಟಿಕ್ ಆ್ಯಸಿಡ್ ಆಯಿತು. ಅದರಲ್ಲಿ ಪುಡಿ ಉಬ್ಬಿ, ರಾತ್ರಿ ಕಳೆಯುವುದರೊಳಗೆ ದಾಸವಾಳದ ಸೊಪ್ಪು ಕಿವುಚಿದ ಹಾಗೆ ಲೋಳೆಯಾಯಿತು. ಬಟ್ಟೆಯಲ್ಲಿ ಸೋಸಿ, ಬ್ರಷ್ಷಿನಿಂದ ತಟ್ಟೆಗೆ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ತಟ್ಟೆಗೆ ಸಣ್ಣ ಹೊಳಪು ಬಂತು, ಕೈಯಾಡಿಸಿದರೆ ನುಣುಪು. ಭಾವನಿಗೆ ಖುಷಿಯೋ ಖುಷಿ. "ಫಿನಿಶಿಂಗ್ ನೋಡು!"

ಅಕ್ಕ ಬಿಸಿ ಬಿಸಿ ಹುಣಸೆ ಸಾರು ತಂದು ಬಡಿಸಿದಳು. ಊಟ ಮುಗಿಸುವಷ್ಟು ಹೊತ್ತು ಬಿಟ್ಟು, ಸಾರು ಚೆಲ್ಲಿ ಬೆರಳಿಟ್ಟೆ. ಜಾರಿತು. ಉಗುರಿನಿಂದ ಕೆರೆದರೆ ಲೋಳೆ ಎದ್ದು ಬಂತು. ಲೇಪದ ಒಂದು ಪಾಲು ಸಾರಿನ ಜತೆ ಹೋಗಿತ್ತು.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹುಳಿಯಲ್ಲಿ ಕರಗಿಸಿ ಹಚ್ಚಿದ್ದು ಹುಳಿ ಬಿದ್ದರೆ ಮತ್ತೆ ಕರಗಲೇಬೇಕು. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಇಳಿದಷ್ಟೂ ಹುಳಿ ಹೆಚ್ಚು. ಕೈಟೊಸಾನ್ ಕರಗುವುದು ಪಿಎಚ್ 6.5ಕ್ಕಿಂತ ಕೆಳಗೆ. ಹುಣಸೆ ಸಾರು, ಮಜ್ಜಿಗೆ, ತಂಬುಳಿ, ಅಪ್ಪೆಹುಳಿ, ಉಪ್ಪಿನಕಾಯಿ ಎಲ್ಲವೂ ಅದಕ್ಕಿಂತ ಎಷ್ಟೋ ಕೆಳಗೆ. ಮಲೆನಾಡಿನ ಊಟದಲ್ಲಿ ಹುಳಿ ಇಲ್ಲದ್ದು ಯಾವುದು? ಅನ್ನ, ತುಪ್ಪ, ಪಾಯಸ. ಪರೀಕ್ಷೆಯಲ್ಲೂ ಇದೇ ಕಥೆ. ಊಟ ಮುಟ್ಟುವ ಪ್ಲಾಸ್ಟಿಕ್ಕಿನಿಂದ ಏನಾದರೂ ಇಳಿಯುತ್ತದಾ ಅಂತ ನೋಡಲು ನಮ್ಮಲ್ಲಿ ಐಎಸ್ 9845 ಎನ್ನುವ ಮಾನಕ ಇದೆ. ಹುಳಿ ಪದಾರ್ಥದ ಬದಲಿಗೆ ಅದರಲ್ಲಿ ಬಳಸುವುದು ಮೂರು ಪರ್ಸೆಂಟ್ ಅಸಿಟಿಕ್ ಆ್ಯಸಿಡ್. ನಾನು ಲೇಪ ಕರಗಿಸಿದ್ದು ಒಂದು ಪರ್ಸೆಂಟಿನಲ್ಲಿ.

ಇನ್ನೂ ಒಂದು ತೊಡಕಿದೆ. ನನ್ನ ಪ್ರಕಾರ ದೊಡ್ಡದು ಅದೇ. ಅರೆಕೊಲಿನ್ ಕ್ಷಾರದ ಜಾತಿ. ಹುಳಿ ಸಿಕ್ಕರೆ ಅದೂ ಧನ ವಿದ್ಯುದಂಶ ಹೊತ್ತುಕೊಂಡು ನೀರಿಗೆ ಇನ್ನೂ ಸಲೀಸಾಗಿ ಇಳಿಯುತ್ತದೆ. ಕೈಟೊಸಾನೂ ಧನ. ಬ್ಯಾಕ್ಟೀರಿಯಾವನ್ನು ಹಿಡಿಯುವ ಅದೇ ಗುಣ ಇಲ್ಲಿ ಕೈಕೊಡುತ್ತದೆ. ಧನ ಧನವನ್ನು ಹಿಡಿಯುವುದಿಲ್ಲ, ದೂಡುತ್ತದೆ. ಅಂದರೆ ಹುಳಿ ಬಿದ್ದ ಹೊತ್ತಿಗೆ ಬೇಲಿಯೂ ಸಡಿಲ, ಒಳಗಿನ ದನಕ್ಕೂ ಓಡುವ ಹುಮ್ಮಸ್ಸು.

ಬೇಲಿ ಬಿಗಿ ಮಾಡಲು ದಾರಿ ಇಲ್ಲವೇ? ಇದೆ. ಸರಗಳ ನಡುವೆ ಕೊಂಡಿ ಹಾಕಬೇಕು. ಲ್ಯಾಬಿನಲ್ಲಿ ಗ್ಲುಟರಾಲ್ಡಿಹೈಡ್ ಬಳಸುತ್ತಾರೆ, ಅದು ವಿಷ, ತಟ್ಟೆಯ ಹತ್ತಿರ ತರುವಂತಿಲ್ಲ. ಪೊರೆಯನ್ನು ಚೆನ್ನಾಗಿ ಬಿಸಿ ಮಾಡಿದರೂ ಅದು ಸ್ವಲ್ಪ ಮಟ್ಟಿಗೆ ಕರಗದ ಹಾಗಾಗುತ್ತದೆ, ಆದರೆ ಹಳದಿ ತಿರುಗುತ್ತದೆ. ಸಿಟ್ರಿಕ್ ಆ್ಯಸಿಡ್ ಸೇರಿಸಿ ಬಿಸಿ ಮಾಡುವುದೂ ಒಂದು ದಾರಿ. ಮೇಲೊಂದು ಮೇಣದ ಪದರ ಕೊಡಬಹುದು, ಬಿಸಿ ಸಾರಿಗೆ ಜೇನುಮೇಣ ಕರಗುತ್ತದೆ. ಇನ್ನೊಂದು ಕೊಂಡಿ ಟ್ಯಾನಿನ್, ಅಂದರೆ ಒಗರು.

ಒಗರು ಎಂದ ಕೂಡಲೇ ಭಾವ ನನ್ನ ಮುಖ ನೋಡಿದ. ಅಡಿಕೆ ಬೇಯಿಸಿದ ಚೊಗರು ನಮ್ಮ ಮನೆಗಳಲ್ಲಿ ಹಂಡೆಗಟ್ಟಲೆ ಇರುತ್ತದೆ. ಕೆಂಪಡಿಕೆಗೆ ಬಣ್ಣ, ಹೊಳಪು ಬರಲಿ ಅಂತ ಅದನ್ನೇ ಹಚ್ಚುತ್ತೇವೆ. ನಮ್ಮೂರಿನ ಹಳೆಯ ಲೇಪ ಅದು, ಟ್ಯಾನಿನ್ ತುಂಬಿದ್ದು. ಆದರೆ ಅಡಿಕೆ ಬೆಂದ ನೀರಿನಲ್ಲಿ ಅರೆಕೊಲಿನ್ನೂ ಇಳಿದಿರುತ್ತದೆ. ಅದನ್ನು ತಡೆಯಲು ಅದನ್ನೇ ಬಳಿದ ಹಾಗಾಯಿತು. ಇಬ್ಬರೂ ನಕ್ಕೆವು.

ಹಾಗಾದರೆ ಪೊಟ್ಟಣ ದಂಡವೇ? ಅಲ್ಲ. ಅವತ್ತೇ ಇನ್ನೊಂದು ಕೆಲಸ ಮಾಡಿದ್ದೆ. ಮೂರು ತಟ್ಟೆ ತೆಗೆದುಕೊಂಡು ಒಂದಕ್ಕೆ ಏನೂ ಹಚ್ಚಲಿಲ್ಲ. ಒಂದಕ್ಕೆ ಬರೀ ವಿನೆಗರ್ ನೀರು, ಇನ್ನೊಂದಕ್ಕೆ ಕೈಟೊಸಾನ್. ಬರೀ ವಿನೆಗರ್ ಯಾಕೆಂದರೆ ಅದೂ ಬೂಷ್ಟಿಗೆ ಶತ್ರುವೇ, ಹೆಸರು ಕೈಟೊಸಾನಿಗೆ ಹೋಗಬಾರದಲ್ಲ. ಮೂರನ್ನೂ ಹಿತ್ತಿಲ ಕಡೆಯ ಕತ್ತಲೆ ಕೋಣೆಯಲ್ಲಿ ಇಟ್ಟೆವು. ಅಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪುಷ್ಯ ಮಳೆ ಮುಗಿಯುವ ಹೊತ್ತಿಗೆ ಏನೂ ಹಚ್ಚದ ತಟ್ಟೆ ಬೂದಿ ಚುಕ್ಕೆಯಿಂದ ತುಂಬಿತ್ತು. ವಿನೆಗರ್ ತಟ್ಟೆ ಸ್ವಲ್ಪ ದಿನ ತಡೆದು ಆಮೇಲೆ ಅದೇ ದಾರಿ ಹಿಡಿದಿತ್ತು. ಕೈಟೊಸಾನ್ ತಟ್ಟೆಯಲ್ಲಿ ಅಂಚಿನಲ್ಲಿ ಮಾತ್ರ ಚುಕ್ಕೆ. ಬ್ರಷ್ಷು ತಾಗದ ಕಡೆ. ಮೂರು ತಟ್ಟೆಯ ಪ್ರಯೋಗವನ್ನು ಯಾರೂ ವಿಜ್ಞಾನ ಎನ್ನಬೇಡಿ. ಆದರೆ ಕೈಟೊಸಾನಿನ ಬಗ್ಗೆ ಗೊತ್ತಿರುವುದಕ್ಕೆ ಇದು ಹೊಂದುತ್ತದೆ. ಬ್ಯಾಕ್ಟೀರಿಯಾದ ಹಾಗೆ ಹಲವು ಬೂಷ್ಟುಗಳನ್ನೂ ಅದು ತಡೆಯುತ್ತದೆ.

ತಟ್ಟೆ ಸ್ವಲ್ಪ ಸೊಟ್ಟಗಾಗಿತ್ತು, ಅದನ್ನೂ ಹೇಳಬೇಕು. ಕೈಟೊಸಾನ್ ಪೊರೆ ಗಾಳಿಯ ತೇವವನ್ನು ತಡೆಯುವುದರಲ್ಲಿ ದಡ್ಡ. ಆಮ್ಲಜನಕಕ್ಕೆ ಬಾಗಿಲು ಹಾಕುತ್ತದೆ, ನೀರಾವಿಗೆ ಕಿಟಕಿ ತೆರೆದೇ ಇಡುತ್ತದೆ. ತೇವ ಕುಡಿದ ಪೊರೆ ಆಮ್ಲಜನಕವನ್ನೂ ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ಹೊರಗಿನ ಲ್ಯಾಬುಗಳ ಒಣ ಗಾಳಿಯಲ್ಲಿ ಬಂದ ಅಂಕಿಗಳು, ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆಯ ಸುತ್ತ ಹಾಗೇ ಬರುತ್ತವೆ ಎಂದುಕೊಳ್ಳುವುದು ತಪ್ಪು.

ಮಳೆಯೂ ಲೇಪವೂ ಮಲೆನಾಡಿಗೆ ಹಳೆಯ ಲೆಕ್ಕ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಹಿಂದಿನವರು ಗೊನೆಗೆ ಮಳೆ ತಡೆಯುವ ಕೊಟ್ಟೆ ಕಟ್ಟುತ್ತಿದ್ದರು, ಗೊನೆಗೊಂದು ಕೊಪ್ಪೆ ಹಾಕಿದ ಹಾಗೆ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದರು, ಬೋರ್ಡೋ ದ್ರಾವಣ ಬಳಕೆಗೆ ಬಂತು. ಒಂದು ಕೆಜಿ ಮೈಲುತುತ್ತ (ತಾಮ್ರದ ಲವಣ), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅದು ಮಳೆಗೆ ತೊಳೆದು ಹೋಗದಿರಲಿ ಅಂತ ರಾಳ ಸೇರಿಸುತ್ತೇವೆ. ಔಷಧಿ ಯಾವುದು ಎನ್ನುವಷ್ಟೇ ಮುಖ್ಯ ಅದು ಗೊನೆಗೆ ಎಷ್ಟು ದಿನ ಅಂಟಿಕೊಂಡಿರುತ್ತದೆ ಎನ್ನುವುದು, ಈ ಮಾತು ಮರ ಹತ್ತಿ ಔಷಧಿ ಹೊಡೆಯುವ ಯಾವ ಕೊನೆಗಾರನಿಗೂ ಗೊತ್ತು. ಈಗ ಕೈಟೊಸಾನನ್ನು ಕೊಳೆರೋಗಕ್ಕೂ ಮಾರಲು ಬರುತ್ತಾರೆ. ಗಿಡದ ಸ್ವಂತ ರಕ್ಷಣೆಯನ್ನು ಅದು ಎಬ್ಬಿಸುತ್ತದೆ ಎನ್ನುವುದು ನಿಜ. ತಾಮ್ರವನ್ನು ಹಿಡಿದುಕೊಳ್ಳುತ್ತದೆ ಎನ್ನುವುದೂ ನಿಜ. ಬೋರ್ಡೋ ಬಿಟ್ಟು ಇದನ್ನು ನಂಬಿ ಎನ್ನುವವರನ್ನು ಮಾತ್ರ, ಆರಿದ್ರಾ ಮಳೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ ಅಂತ ಕೇಳಿ.

ತಟ್ಟೆಗೆ ವಾಪಸ್ ಬರೋಣ. ಖರ್ಚಿನ ಲೆಕ್ಕ ಹಾಕಿದೆವು. ಹತ್ತು ಇಂಚಿನ ತಟ್ಟೆಯ ಒಂದು ಮೈ ಸುಮಾರು 500 ಚದರ ಸೆಂಟಿಮೀಟರ್. ಚದರ ಮೀಟರಿಗೆ ಎರಡು ಗ್ರಾಂ ಪೊರೆ ಎಂದರೆ ತಟ್ಟೆಗೆ 0.1 ಗ್ರಾಂ, ಸಾವಿರ ತಟ್ಟೆಗೆ 100 ಗ್ರಾಂ ಪುಡಿ. ಒಂದು ಪರ್ಸೆಂಟಿನ ದ್ರಾವಣ ಮಾಡಿದರೆ ಹತ್ತು ಲೀಟರ್. ಪುಡಿಯ ಖರ್ಚು ಹೆದರುವಂಥದ್ದಲ್ಲ. ಆದರೆ ಅಚ್ಚಿನಿಂದ ಒಣಗಿ ಬಂದ ತಟ್ಟೆಯನ್ನು ಮತ್ತೆ ಒದ್ದೆ ಮಾಡಿ, ಒಂದೊಂದನ್ನೇ ಬಿಡಿಸಿಟ್ಟು, ಬಿಸಿಲಿಲ್ಲದ ಜುಲೈಯಲ್ಲಿ ಒಣಗಿಸಬೇಕು. ಅದಕ್ಕೆ ಜಾಗ ಎಲ್ಲಿ, ಜನ ಎಲ್ಲಿ? ಒತ್ತುವ ಮೊದಲೇ ಹಾಳೆಗೆ ಸಿಂಪಡಿಸಿ ಅಚ್ಚಿನ ಬಿಸಿಯಲ್ಲೇ ಒಣಗಿಸೋಣ ಅಂತ ಒಂದು ಸಲ ನೋಡಿದೆವು. ಅಚ್ಚಿಗೆ ಅಂಟಿಕೊಂಡಿತು. ಅದನ್ನು ಉಜ್ಜಿ ತೆಗೆಯುವಾಗ ಭಾವ ಆಡಿದ ಮಾತುಗಳು ಇಲ್ಲಿ ಬೇಡ.

ಸಿಗಡಿಯ ವಿಷಯ ನಾನು ತಡವಾಗಿ ಹೇಳಿದೆ, ಬೇಕಂತಲೇ. "ಸಿಗಡಿ ಚಿಪ್ಪಾ?" ಭಾವ ಬ್ರಷ್ ಕೆಳಗಿಟ್ಟ. "ಮಠದ ಸಂತರ್ಪಣೆಗೆ ಹೋಗುವ ತಟ್ಟೆ ಮಾರಾಯ ಇದು. ಗೊತ್ತಾದ್ರೆ ನನ್ನನ್ನೇ ಪಂಕ್ತಿಯಿಂದ ಎಬ್ಬಿಸ್ತಾರೆ." ಅಣಬೆ ಜಾತಿಯಿಂದ ತೆಗೆದ ಕೈಟೊಸಾನೂ ಇದೆ. ಸಿಟ್ರಿಕ್ ಆ್ಯಸಿಡ್ ಕಾರ್ಖಾನೆಗಳಲ್ಲಿ ಬೆಳೆಸುವ ಆಸ್ಪರ್ಜಿಲಸ್ ನೈಗರ್ ಎನ್ನುವ ಶಿಲೀಂಧ್ರದಿಂದಲೂ ತೆಗೆಯುತ್ತಾರೆ. ಸಿಗಡಿ ಅಲರ್ಜಿ ಇರುವವರಿಗೂ ಅದು ಮೇಲು. ಚೆನ್ನಾಗಿ ಶುದ್ಧ ಮಾಡಿದ ಚಿಪ್ಪಿನ ಕೈಟೊಸಾನಿನಲ್ಲಿ ಅಲರ್ಜಿ ತರುವ ಪ್ರೋಟೀನ್ ಉಳಿಯಬಾರದು, ಆದರೆ ಚೆನ್ನಾಗಿ ಶುದ್ಧ ಮಾಡಿದ್ದಾರಾ ಅಂತ ಪೊಟ್ಟಣ ನೋಡಿ ಹೇಳುವುದು ಹೇಗೆ?

ಈಗ ಮೊದಲು ಹೇಳಿದ 'ಯಾವ ಕೆಮಿಕಲ್ಲೂ ಇಲ್ಲ' ಎನ್ನುವ ಮಾತು. ಎಫ್‌ಡಿಎ ತಕರಾರು ಇರುವುದು ಹಾಳೆಯ ಮೇಲೇ. ಲೇಪ ಹಚ್ಚಿದರೆ ಹಾಳೆ ಬೇರೆಯದಾಗುವುದಿಲ್ಲ. ಲೇಪ ದಾಟಿ ಏನೂ ಇಳಿಯುವುದಿಲ್ಲ ಅಂತ ತೋರಿಸಬೇಕು, ಜತೆಗೆ ಲೇಪದ್ದೂ ಲೆಕ್ಕ ಕೊಡಬೇಕು. ಇದ್ದ ಒಂದು ಪ್ರಶ್ನೆಯ ಜತೆ ಇನ್ನೊಂದನ್ನು ನಾವೇ ದುಡ್ಡು ಕೊಟ್ಟು ತಂದ ಹಾಗೆ. ನನ್ನನ್ನು ಕೇಳಿದರೆ ಆ ದುಡ್ಡು ಮೊದಲು ಹೋಗಬೇಕಾದದ್ದು ಅಳತೆಗೆ. ಬೇರೆ ಬೇರೆ ತೋಟದ ಹಾಳೆ, ಎಳೆಯದು, ಬಲಿತದ್ದು, ಒಂದು ಸಲ ತೊಳೆದದ್ದು, ಮೂರು ಸಲ ಬಿಸಿನೀರಲ್ಲಿ ನೆನೆಸಿದ್ದು, ಇವುಗಳಿಂದ ಹುಳಿ ನೀರಿಗೆ ಎಷ್ಟು ಅರೆಕೊಲಿನ್ ಇಳಿಯುತ್ತದೆ? ಅರೆಕೊಲಿನ್ ನೀರಲ್ಲಿ ಕರಗುತ್ತದೆ, ಹಾಗಾಗಿ ನೆನೆಸಿದ ನೀರು ಚೆಲ್ಲುವುದೇ ಲೇಪಕ್ಕಿಂತ ಹೆಚ್ಚು ಕೆಲಸ ಮಾಡಬಹುದು ಅಂತ ನನ್ನ ಊಹೆ. ಇಂಥದ್ದನ್ನು ಅಳೆಯಲು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಂಥ ಕಡೆ ಆಹಾರ ಪ್ಯಾಕೇಜಿಂಗ್ ಬಲ್ಲವರಿದ್ದಾರೆ. ಒಬ್ಬೊಬ್ಬ ಭಾವನಿಂದ ಆಗುವ ಖರ್ಚಲ್ಲ ಅದು. ತಟ್ಟೆ ಮಾಡುವವರು ಒಟ್ಟಾಗಿ ಹೋಗಬೇಕು.

ಬೂಷ್ಟಿನ ಕಡೆ ಮಾತ್ರ ಭಾವ ಕೈಬಿಟ್ಟಿಲ್ಲ. ಮಳೆಗಾಲಕ್ಕೆ ಗೋಡೌನಿನಲ್ಲಿ ಉಳಿಯುವ ಕಟ್ಟುಗಳಿಗೆ, ಅದೂ ತಟ್ಟೆಯ ಬೆನ್ನಿಗೆ ಮಾತ್ರ ತೆಳುವಾಗಿ ಹೊಡೆಯುವುದು ಅವನ ಯೋಚನೆ. ಬೂಷ್ಟು ಶುರುವಾಗುವುದೇ ಬೆನ್ನಿನ ಗೆರೆಯಿಂದ, ಸಾರು ಬೀಳುವುದು ಹೊಟ್ಟೆಗೆ. ಪೇರಿಸಿದಾಗ ಒಂದರ ಬೆನ್ನು ಇನ್ನೊಂದರ ಹೊಟ್ಟೆಗೆ ತಾಗುತ್ತದಲ್ಲ ಅಂದೆ. ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಮಾಡಿ ಮೇಜಿನ ಮೇಲಿಟ್ಟ. "ಹೀಗೆ ಪೇರಿಸಿದ್ರೆ?" ಮೂರನೆಯದನ್ನು ಇಡುವಾಗ ರಾಶಿ ವಾಲಿ ಕೆಳಗೆ ಬಿತ್ತು. ಆರಿಸಿಕೊಂಡು ಮತ್ತೆ ಜೋಡಿಸತೊಡಗಿದ.